ತೂಕಡಿಕೆಯೆಂಬ ತಪ್ಪು

ನಮ್ಮ ಮನೆಯಲ್ಲಿ ಎಲ್ಲರದ್ದೂ ಒಂದೇ ತಪ್ಪು: ಬೆಳಗಿನ ಧ್ಯಾನದಲ್ಲಿ ತೂಕಡಿಸುವುದು. ಪ್ರತಿ ತಿಂಗಳ ಕೊನೆಗೆ ನನ್ನ ಮೇಜಿಗೆ ಏಳು ಹಾಳೆಗಳು ಬರುತ್ತಿದ್ದವು. ಒಂದೊಂದರ ಮೇಲೂ ‘ಆತ್ಮಾವಲೋಕನ’ ಎಂಬ ತಲೆಬರಹ, ಅದರಡಿ ಸ್ಕೇಲ್ ಇಟ್ಟು ಎಳೆದ ಗೆರೆ. ಈ ತಿಂಗಳು ನಾನು ಎಲ್ಲಿ ಎಡವಿದೆ ಎಂದು ಪ್ರಾಮಾಣಿಕವಾಗಿ ಬರೆಯಬೇಕು. ಏಳರಲ್ಲಿ ಆರು ಹಾಳೆ ತೂಕಡಿಕೆಯಿಂದ ಶುರುವಾಗುತ್ತಿದ್ದವು, ಏಳನೆಯದು ತೂಕಡಿಕೆಯಲ್ಲಿ ಮುಗಿಯುತ್ತಿತ್ತು. ಓದಿದವರಿಗೆ ಈ ಹುಡುಗರಿಗೆ ನಿದ್ದೆಯೊಂದನ್ನು ಬಿಟ್ಟು ಭೂಮಿಯ ಮೇಲೆ ಬೇರೆ ಶತ್ರುವೇ ಇಲ್ಲ ಅನ್ನಿಸಬೇಕು.

ಮನೆ ಅಂದೆ, ಅದು ಇರುವುದು ಚನ್ನಗಿರಿಯ ಅಂಚಿನಲ್ಲಿ. ಕಥೋಲಿಕ ಗುರುಗಳಾಗಲು ಓದುತ್ತಿರುವವರನ್ನು ನಾವು ಬ್ರದರ್ ಅನ್ನುತ್ತೇವೆ. ಗುರುಮಠದಲ್ಲಿ, ಅಂದರೆ ಸೆಮಿನರಿಯಲ್ಲಿ, ತತ್ವಶಾಸ್ತ್ರ ಮುಗಿಸಿದ ಮೇಲೆ, ದೈವಶಾಸ್ತ್ರಕ್ಕೆ ಹೋಗುವ ಮುಂಚೆ ಒಂದು ವರ್ಷ ಜನರ ನಡುವೆ ಇದ್ದು ಬರಲಿ ಎಂದು ಅವರನ್ನು ಇಲ್ಲಿಗೆ ಕಳಿಸುತ್ತಾರೆ. ಅವರ ಮೇಲ್ವಿಚಾರಕ ನಾನು. ವಾರವಿಡೀ ಪ್ರಾರ್ಥನೆ, ಓದು, ಹಿತ್ತಲಿನ ಕೆಲಸ. ಶನಿವಾರ ಬೆಳಿಗ್ಗೆ ಹೊನ್ನಾಳಿಗೆ ಇಬ್ಬರು, ನ್ಯಾಮತಿಗೆ ಇಬ್ಬರು, ಉಬ್ರಾಣಿ ಕಡೆಗೆ ಇಬ್ಬರು, ಜಗಳೂರಿಗೆ ಒಬ್ಬ ಬಸ್ ಹತ್ತುತ್ತಾರೆ. ಈ ಕಡೆ ನಮ್ಮವರ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಆ ಮನೆಗಳಿಗೆ ಹೋಗಿ, ಕೂತು, ಕಷ್ಟಸುಖ ಕೇಳಿ, ಒಂದು ಪ್ರಾರ್ಥನೆ ಹೇಳಿ ಬರಬೇಕು. ಬಂದ ಮೇಲೆ ಭೇಟಿಯ ಡೈರಿಯಲ್ಲಿ ಬರೆಯಬೇಕು.

ವರ್ಷದ ಕೊನೆಗೆ ಒಬ್ಬೊಬ್ಬನ ಬಗ್ಗೆಯೂ ವರದಿ ಬರೆದು ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪರಿಗೆ, ಕಳಿಸುವುದು ನನ್ನ ಕೆಲಸ. ಮುಂದಕ್ಕೆ ಹೋಗಲಿ, ಇನ್ನೊಂದು ವರ್ಷ ಇರಲಿ, ಇಲ್ಲವೇ ಮನೆಗೆ ಹೋಗಲಿ, ಈ ಮೂರರಲ್ಲಿ ಒಂದನ್ನು ನಾನು ಬರೆಯಬೇಕು. ಹಾಗಿರುವಾಗ ನನ್ನ ಮುಂದೆ ಯಾರು ತಾನೇ ಬಾಯಿ ಬಿಡುತ್ತಾರೆ? ಹೆಂಗಿದೀಯಪ್ಪಾ ಅಂದರೆ, ಆರಾಮ್ ಫಾದರ್. ಮನೆಯಲ್ಲಿ ಹೆಂಗದಾರೆ, ಆರಾಮ್ ಫಾದರ್. ಪ್ರಾರ್ಥನೆ? ಅದೂ ಆರಾಮ್. ತೂಕಡಿಕೆಯಂಥ ಅನುಕೂಲದ ತಪ್ಪು ಇನ್ನೊಂದಿಲ್ಲ. ಅದರಿಂದ ಯಾರಿಗೂ ನೋವಿಲ್ಲ, ಯಾರಿಗೂ ಸಿಟ್ಟು ಬರುವುದಿಲ್ಲ, ಓದುವ ಹಿರಿಯರಿಗೆ ಒಂದು ಬುದ್ಧಿಮಾತು ಹೇಳಲು ಜಾಗವೂ ಸಿಗುತ್ತದೆ. ನಾನೂ ಹಾಳೆಯ ಕೆಳಗೆ ‘ಬೇಗ ಮಲಗು’ ಎಂದು ಬರೆದು ಸಹಿ ಹಾಕುತ್ತಿದ್ದೆ. ಗುರುಮಠದಲ್ಲಿದ್ದ ಅಷ್ಟೂ ವರ್ಷ ನಾನೂ ಅದನ್ನೇ ಬರೆದಿದ್ದೆ. ನನ್ನ ಹಾಳೆಗೂ ಯಾರೋ ಹಾಗೇ ಸಹಿ ಹಾಕಿದ್ದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ಎಲ್ಲರಿಗೂ ಗೊತ್ತು, ಬ್ರದರುಗಳಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಇಲ್ಲಿಗೆ ಬಂದ ಹೊಸದರಲ್ಲಿ ಕೋಪ ಮಾಡಿಕೊಂಡರೆ ನಿಜ ಹೊರಬರುತ್ತದೆ ಎಂದೇ ನಂಬಿದ್ದೆ. ಹೊರಬಂದದ್ದು ಇನ್ನೂ ಚೆಂದದ ಕೈಬರಹದ ತೂಕಡಿಕೆ.

ಜಗಳೂರಿಗೆ ಹೋಗುತ್ತಿದ್ದ ಬ್ರದರ್ ಏಳರಲ್ಲಿ ಚುರುಕಿನವನು. ಹಾಡುತ್ತಾನೆ, ಗುದ್ದಲಿ ಹಿಡಿದರೆ ಹಿತ್ತಲು ಹಸನಾಗುತ್ತದೆ, ಮುದುಕರ ಜೊತೆ ಮುದುಕ, ಮಕ್ಕಳ ಜೊತೆ ಮಗು. ಜಗಳೂರಿಗೆ ಇಲ್ಲಿಂದ ದಾವಣಗೆರೆಗೆ ಹೋಗಿ ಬಸ್ ಬದಲಿಸಬೇಕು, ಬೇರೆಯವರು ಮೂಗು ಮುರಿಯುತ್ತಾರೆ. ಇವನು ತಾನಾಗಿ ಕೇಳಿ ಒಪ್ಪಿಕೊಂಡಿದ್ದ. ಇವನು ಗುರುವಾಗುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವನ ವರದಿಯನ್ನು ಮನಸ್ಸಿನಲ್ಲಿ ಆಗಲೇ ಬರೆದು ಮುಗಿಸಿದ್ದೆ.

ಜಗಳೂರು ಪೇಟೆಯಲ್ಲಿ ನಮ್ಮ ಮನೆಗಳು ಮೂರು. ನಾಲ್ಕನೆಯದು ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೋಗಬೇಕಾದ ಹಳ್ಳಿಯಲ್ಲಿ. ಮೆಕ್ಕೆಜೋಳ, ಶೇಂಗಾ ಬೆಳೆಯುವ ಮನೆ. ಆ ಮನೆಯ ಮಗಳು ಕಿಡ್ನಿ ಕಾಯಿಲೆಯಿಂದ ಮಲಗಿದ್ದಳು. ಬ್ರದರ್ ಪ್ರತಿ ಶನಿವಾರ ಅವಳ ಹತ್ತಿರ ಕೂತು ಹಾಡಿ, ಪ್ರಾರ್ಥಿಸಿ ಬರುತ್ತಿದ್ದ. ನವೆಂಬರಿನಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಲು ನಾನೇ ಹೋಗಿದ್ದೆ. ಬ್ರದರ್ ಹಿಂದೆಲ್ಲೋ ನಿಂತಿದ್ದ. ಆಮೇಲೆ ವಾರಕ್ಕೊಮ್ಮೆ ನಾನು ಆ ತಾಯಿ ಹೆಂಗದಾರೆ ಎಂದು ಕೇಳುತ್ತಿದ್ದೆ. ಆರಾಮ್ ಫಾದರ್ ಅನ್ನುತ್ತಿದ್ದ. ಡೈರಿಯಲ್ಲೂ ಹಾಗೇ ಇತ್ತು: ‘ತಾಯಿಯನ್ನು ಭೇಟಿ ಮಾಡಿದೆ. ಪ್ರಾರ್ಥಿಸಿದೆ. ಆರಾಮಾಗಿದ್ದಾರೆ.’ ಮಗಳನ್ನು ಮಣ್ಣಿಗಿಟ್ಟ ತಾಯಿ ಎರಡನೇ ವಾರಕ್ಕೇ ಆರಾಮಾಗಿರುವುದು ಹೇಗೆ ಎಂದು ನಾನು ಯೋಚಿಸಲಿಲ್ಲ. ಓದಿ ಸಹಿ ಹಾಕಿದೆ.

ಸಂಕ್ರಾಂತಿ ಮುಗಿದ ವಾರ ಅವನಿಗೆ ಜ್ವರ ಬಂತು. ಶನಿವಾರ ಅವನ ಬದಲು ನಾನು ಹೋದೆ. ಪೇಟೆಯ ಮೂರು ಮನೆ ಮುಗಿಸಿ ಹಳ್ಳಿಯ ಬಸ್ ಹತ್ತಿ ಆ ತಾಯಿಯ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವರು ಅಂಗಳದಲ್ಲಿ ಒಬ್ಬರೇ ಕೂತಿದ್ದರು. ನನಗೆ ನೀರು ಕೊಟ್ಟು, ಬ್ರದರ್‌ನೋರಿಗೆ ಏನಾದ್ರೂ ಆಗೈತಾ ಎಂದು ಕೇಳಿದರು. ಜ್ವರ ಅಂದೆ. ಜ್ವರ ಈಗ ಬಂದಿರಬೇಕು, ಅವರು ಮಗಳ ಮಣ್ಣಿಗೆ ಬಂದವರು ಆಮೇಲೆ ಈ ಕಡೆ ಕಾಲಿಟ್ಟೇ ಇಲ್ಲವಲ್ಲ, ಕ್ರಿಸ್ಮಸ್ಸಿಗೂ ಬರಲಿಲ್ಲ ಅಂದರು. ನನ್ನ ಕೈಯ ಲೋಟ ಇಸಿದುಕೊಂಡು, ನೀವೂ ಬರಲಿಲ್ಲ ಸ್ವಾಮಿ ಅಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಹೊರಡುವಾಗ ಒಂದು ಬಟ್ಟೆ ಚೀಲದ ತುಂಬ ಶೇಂಗಾ ಕಟ್ಟಿಕೊಟ್ಟರು.

ಮೂರು ಬಸ್ಸಿನ ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಹೋಗದೆ ಇದ್ದದ್ದು ಒಂದು ಕಡೆ ಇರಲಿ, ಹೋದೆ ಎಂದು ಬರೆದದ್ದು! ಅದೂ ಆರಾಮಾಗಿದ್ದಾರೆ ಎಂದು. ಮನೆಗೆ ಕಾಲಿಟ್ಟ ಕೂಡಲೇ ಏನು ಹೇಳಬೇಕು, ಎಷ್ಟು ಜೋರಾಗಿ ಹೇಳಬೇಕು ಎಲ್ಲವನ್ನೂ ದಾವಣಗೆರೆ ದಾಟುವಷ್ಟರಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಬಾಗಿಲು ತೆಗೆದವನು ಅವನೇ. ಮೈಮೇಲೆ ಕಂಬಳಿ, ಕಣ್ಣು ಕೆಂಪು. ನನ್ನ ಕೈಯ ಚೀಲ ನೋಡಿದ. ನೋಡಿ, ಜಗಳೂರು ಹೆಂಗಿತ್ತು ಫಾದರ್ ಎಂದು ಕೇಳಿದ.

ನಾನು ಅಂದದ್ದು ಒಂದೇ ಮಾತು.

“ಆರಾಮ್.”

ಇದನ್ನು ಬರೆಯುವಾಗಲೂ ನನಗೆ ನಾಚಿಕೆ. ಜ್ವರದವನ ಮೇಲೆ ಕೂಗಾಡಬಾರದು ಎಂಬುದು ನಾನು ಹೇಳಿಕೊಂಡ ನೆಪ. ನಿಜವೇನೆಂದರೆ, ಆ ಕ್ಷಣದಲ್ಲಿ ನಿಜ ಹೇಳುವುದು ಕಷ್ಟವಾಗಿತ್ತು, ಸುಳ್ಳು ಬಾಯಲ್ಲೇ ಇತ್ತು. ಅವನಿಗೆ ಹತ್ತಾರು ವಾರ ಆದದ್ದು ನನಗೆ ಒಂದು ನಿಮಿಷದಲ್ಲಿ ಆಯಿತು. ಮಲಗುವ ಮುಂಚೆ ಒಂದು ತೀರ್ಮಾನ ಮಾಡಿದೆ. ಅವನನ್ನು ನಾನು ಹಿಡಿಯುವುದಿಲ್ಲ. ಅವನೇ ಬಂದು ಹೇಳಬೇಕು. ಹಿಡಿದರೆ ನನಗೆ ಸಿಗುವುದು ಒಬ್ಬ ಸಿಕ್ಕಿಬಿದ್ದವನು, ಅಷ್ಟೇ. ವರದಿ ಕಳಿಸಲು ಫೆಬ್ರವರಿ ಕೊನೆಯವರೆಗೆ ಸಮಯವಿತ್ತು.

ಮರುದಿನ, ಭಾನುವಾರದ ಊಟವಾದ ಮೇಲೆ ಏಳೂ ಜನರನ್ನು ಕೂರಿಸಿಕೊಂಡು ನನ್ನ ಕಥೆ ಹೇಳಿದೆ. ನಾನು ಗುರುಮಠದಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡರು. ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದರು. ಸತ್ತ ಸುದ್ದಿ ಬಂದಾಗ ನನಗೆ ದುಃಖವಾಗಲಿಲ್ಲ, ಸದ್ಯ ಅನ್ನಿಸಿತು. ಶವದ ಮುಂದೆ ಒಣಗಿದ ಕಣ್ಣಿನಲ್ಲಿ ನಿಂತು ಗಟ್ಟಿ ದನಿಯಲ್ಲಿ ಪ್ರಾರ್ಥನೆ ಹೇಳಿಸಿದೆ. ಬಂದವರೆಲ್ಲ ಈ ಹುಡುಗನ ವಿಶ್ವಾಸ ನೋಡಿ ಎಂದು ಹೊಗಳಿದರು. ಆ ತಿಂಗಳ ಹಾಳೆಯಲ್ಲಿ ನಾನು ತೂಕಡಿಸುತ್ತೇನೆ ಎಂದು ಬರೆದೆ. ಗುರುದೀಕ್ಷೆಯಾಗಿ ಎಷ್ಟೋ ವರ್ಷ ಕಳೆದ ಮೇಲೂ ಅಪ್ಪನಿಗಾಗಿ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಅರ್ಪಿಸುವಾಗ ಅವರ ಹೆಸರನ್ನು ನುಂಗಿ ಮುಂದಕ್ಕೆ ಓದುತ್ತಿದ್ದೆ. ಮೊದಲ ಸಲ ಇನ್ನೊಬ್ಬರಿಗೆ ಹೇಳಿದಾಗ ನನಗೆ ನಲವತ್ತು ದಾಟಿತ್ತು.

ಜಗಳೂರಿನವನು ತಟ್ಟೆ ನೋಡುತ್ತಿದ್ದ. ನಾನು ಬಹಳ ದೊಡ್ಡ ಕೆಲಸ ಮಾಡಿದವನಂತೆ ಎದ್ದು ಕೈ ತೊಳೆದೆ.

ತಿಂಗಳ ಕೊನೆಗೆ ಹಾಳೆಗಳು ಬಂದವು. ಮೂರು ಹಾಳೆಗಳಲ್ಲಿ ತೂಕಡಿಕೆ ಮಾಯವಾಗಿತ್ತು. ಅದರ ಜಾಗದಲ್ಲಿ ‘ನನ್ನ ತಂದೆಯ ಮೇಲೆ ನನಗೆ ಒಳಗೊಳಗೇ ಕೋಪವಿದೆ’ ಎಂದಿತ್ತು. ಮೂರರಲ್ಲೂ ಅದೇ ಮಾತು, ಅದೇ ‘ಒಳಗೊಳಗೇ’. ಬರೆದವರಲ್ಲೊಬ್ಬ ನ್ಯಾಮತಿಗೆ ಹೋಗುವ ಹುಡುಗ. ಅವನ ಅಪ್ಪನನ್ನು ನಾನು ಬಲ್ಲೆ. ತಿಂಗಳಿಗೊಮ್ಮೆ ಅಕ್ಕಿ ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ಬಂದು, ಮಗನ ಹಾಸಿಗೆ ತಾನೇ ಕೊಡವಿ ಹಾಸಿ ಹೋಗುವ ಮನುಷ್ಯ. ಬೆಕ್ಕಿಗೂ ಗದರುವವನಲ್ಲ. ಮಗನನ್ನು ಕರೆದು, ಅಪ್ಪನ ಮೇಲೆ ನಿನಗೆ ಏನಪ್ಪಾ ಕೋಪ ಎಂದು ಕೇಳಿದೆ. ಅವನು ಕಾಲಬೆರಳು ನೋಡಿಕೊಂಡು ನಿಂತ.

“ಏನೂ ಇಲ್ಲ ಫಾದರ್. ನಿಮಗೆ ಅಂಥದ್ದು ಬೇಕೇನೋ ಅಂದ್ಕಂಡೆ.”

ಮೊದಲು ನಗು ಬಂತು, ಆಮೇಲೆ ಕೋಪ, ಕೊನೆಗೆ ಬುದ್ಧಿ. ಇವರು ಕೇಳಿಸಿಕೊಂಡದ್ದು ನನ್ನ ನೋವನ್ನಲ್ಲ, ಹೊಸ ಮಾದರಿ ಉತ್ತರವನ್ನು. ಮೇಲಿರುವವನಿಗೆ ಏನು ಇಷ್ಟವೋ ಅದನ್ನು ಬರೆದುಕೊಡುವ ಅಭ್ಯಾಸ ಅವರಿಗೆ ಎಷ್ಟೋ ವರ್ಷದ್ದು, ಅದನ್ನು ಕಲಿಸಿದವರು ನನ್ನಂಥವರೇ. ಆ ಏಳು ಹಾಳೆಗಳನ್ನು ಒಲೆಗೆ ಹಾಕಿ ಎಂದು ಅಡುಗೆಯ ಅಕ್ಕನಿಗೆ ಕೊಟ್ಟೆ. ಇನ್ನು ಮೇಲೆ ಹಾಳೆ ಇಲ್ಲ ಎಂದು ಸಾರಿದೆ. ಒಲೆಗೆ ಹೋದ ಏಳರಲ್ಲಿ ಜಗಳೂರಿನವನದೂ ಒಂದು. ಅದರಲ್ಲಿ ಇನ್ನೂ ತೂಕಡಿಕೆಯೇ ಇತ್ತು.

ಹಾಳೆ ಹೋದ ಮೇಲೆ ಬೇರೆ ಏನಾದರೂ ಬೇಕಲ್ಲ. ಮೇಜಿನ ಆಚೆ ನಾನು, ಈಚೆ ಅವನು ಕೂತರೆ ಅದು ಪೊಲೀಸ್ ಸ್ಟೇಷನ್ನೇ. ಅದಕ್ಕೇ ನಾನು ಮೇಜು ಬಿಟ್ಟೆ. ಹಿತ್ತಲಲ್ಲಿ ಕಳೆ ಕೀಳುವವರ ಪಕ್ಕ ಕಳೆ ಕೀಳಲು ಕೂತೆ, ಬಟ್ಟೆ ಹಿಂಡುವವನ ಜೊತೆ ಇನ್ನೊಂದು ತುದಿ ಹಿಡಿದೆ. ಕೈಗೆ ಕೆಲಸ ಇದ್ದು ಕಣ್ಣು ಬೇರೆ ಕಡೆ ಇದ್ದರೆ ಗಂಡಸರು ಮಾತಾಡುತ್ತಾರೆ. ಹೊನ್ನಾಳಿಗೆ ಹೋಗುವವನೊಬ್ಬ ಕಳೆ ಕೀಳುತ್ತಲೇ ತನಗೆ ಜನರ ಮುಂದೆ ಧರ್ಮಪ್ರಸಂಗ ಹೇಳಲು ನಿಂತರೆ ಬರೆದುಕೊಂಡದ್ದೆಲ್ಲ ಮರೆತುಹೋಗುತ್ತದೆ ಅಂದ. ಇಷ್ಟು ತಿಂಗಳೂ ಅವನಿಗೆ ನಾನು ಬೇಗ ಮಲಗಲು ಹೇಳುತ್ತಿದ್ದೆ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಯಿತು. ಒಂದು ಬುಧವಾರ ಊಟವಾದ ಮೇಲೆ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಆ ತಾಯಿ ಕೊಟ್ಟ ಶೇಂಗಾ ಸುಲಿಯುತ್ತಿದ್ದೆ. ಚಟ್ನಿಪುಡಿ ಮಾಡಲು ಅಕ್ಕ ಕೇಳಿದ್ದರು. ಜಗಳೂರಿನ ಬ್ರದರ್ ಬಂದು ನಿಂತ. ಕೈಯಲ್ಲಿ ಮಡಿಸಿದ ನೇರಳೆ ಬಣ್ಣದ ಪಟ್ಟಿ. ಪಾಪನಿವೇದನೆ ಕೇಳುವಾಗ ಗುರು ಕೊರಳಿಗೆ ಹಾಕಿಕೊಳ್ಳುವ ಸ್ಟೋಲ್ ಅದು. ಅದನ್ನು ನನಗೆ ಚಾಚಿ, ಪಾಪನಿವೇದನೆ ಮಾಡಬೇಕಿತ್ತು ಫಾದರ್ ಅಂದ.

ಕೇಳಲು ಇದಕ್ಕಿಂತ ಭಕ್ತಿಯ ಮಾತಿಲ್ಲ. ಆದರೆ ಇದರ ಒಳಸುಳಿ ನಮ್ಮವರಿಗೆ ಗೊತ್ತು. ಆ ಪಟ್ಟಿ ಕೊರಳಿಗೆ ಬಿದ್ದ ಮೇಲೆ ನಾನು ಕೇಳಿದ್ದು ನನ್ನೊಂದಿಗೇ ಸಾಯಬೇಕು. ವರದಿಯಲ್ಲಿ ಬರೆಯುವಂತಿಲ್ಲ, ಆಮೇಲೆ ಅವನನ್ನು ಅದರ ಬಗ್ಗೆ ಕೇಳುವಂತಿಲ್ಲ. ಅದಕ್ಕೇ ಮೇಲ್ವಿಚಾರಕರು ತಮ್ಮ ಬ್ರದರುಗಳ ಪಾಪನಿವೇದನೆ ಸಾಮಾನ್ಯವಾಗಿ ಕೇಳುವುದಿಲ್ಲ, ಬೇರೆ ಗುರುಗಳು ಬರುತ್ತಾರೆ. ಇವನು ನನಗೆ ಎಲ್ಲವನ್ನೂ ಹೇಳಿ, ಅದೇ ಮಾತಿನಲ್ಲಿ ನನ್ನ ಬಾಯಿಗೆ ಬೀಗ ಹಾಕುವವನಿದ್ದ. ಬೇಕೆಂದೇ ಲೆಕ್ಕ ಹಾಕಿ ಬಂದಿದ್ದನೆಂದು ನಾನು ಹೇಳುವುದಿಲ್ಲ. ಹೆದರಿದವನಿಗೆ ದಾರಿ ತಾನಾಗಿ ಹೊಳೆಯುತ್ತದೆ.

ನನಗೂ ಒಂದು ಕ್ಷಣ ಆಸೆಯಾಯಿತು. ಪಟ್ಟಿ ಹಾಕಿಕೊಂಡರೆ ಅವನೂ ಹಗುರ, ನಾನೂ ಹಗುರ. ಮುಂದಕ್ಕೆ ಹೋಗಲಿ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಸಿಪ್ಪೆಯ ಕೈಯನ್ನು ಪಂಚೆಗೆ ಒರೆಸಿಕೊಂಡೆ.

“ಅದನ್ನ ವಾಪಸ್ ಇಟ್ಟು ಬಾ. ದೇವರಿಗೆ ಹೇಳಾಕೆ ಇನ್ನೊಬ್ಬ ಗುರುಗಳು ಶುಕ್ರವಾರ ಬರ್ತಾರೆ. ನನಗೆ ಹೇಳೋದಿದ್ರೆ ಇಲ್ಲಿ ಕುಂತು ಹೇಳು. ಹೇಳಿದ್ದನ್ನ ನಾನು ಮರೆಯಲ್ಲ, ಅದೂ ಗೊತ್ತಿರಲಿ.”

ಅವನು ಹೋದ. ಪ್ರಾರ್ಥನಾಮಂದಿರದ ಕಪಾಟಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇವನು ಬರುವುದಿಲ್ಲ, ನಾನು ಅವನನ್ನು ಕಳೆದುಕೊಂಡೆ ಎಂದೇ ಅಂದುಕೊಂಡೆ. ಪೂರ್ತಿ ಒಂದು ಮೊರ ಸುಲಿದು ಮುಗಿಸಿದ್ದೆ, ಆಗ ಬಂದು ಪಕ್ಕದಲ್ಲಿ ಕೂತ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದ.

ಹೇಳಿದ. ಹುಡುಗಿ ಕೈ ಹಿಡಿದು, ನಾನು ಉಳೀತೀನಾ ಬ್ರದರ್ ಎಂದು ಕೇಳಿದ್ದಳಂತೆ. ಏನೂ ಆಗಲ್ಲ, ಗುಣ ಆಗ್ತೈತೆ ಎಂದು ದೇವರ ಹೆಸರು ತಂದು ಹೇಳಿದ್ದನಂತೆ. ಎಂಟು ದಿನಕ್ಕೆ ಅವಳು ಹೋದಳು. ಮುಂದಿನ ಶನಿವಾರ ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಆ ಹಳ್ಳಿಯ ಬಸ್ಸು ಬಂತು, ಇವನಿಗೆ ಏಳಲು ಆಗಲಿಲ್ಲ. ಬಸ್ಸು ಹೋಯಿತು. ಮಂಡಕ್ಕಿ ಕೊಂಡು ಕೂತ. ಆಮೇಲೆ ಪ್ರತಿ ಶನಿವಾರವೂ ಹಾಗೇ. ಬಸ್ಸು ಬರುವುದು, ಹೋಗುವುದು, ಇವನು ಕೂತಿರುವುದು. ಕ್ರಿಸ್ಮಸ್ಸಿಗೆ ಆ ಮನೆಗೆಂದು ನಾನು ಕೊಟ್ಟಿದ್ದ ಕೇಕನ್ನು ಆ ಬಸ್ಸಿನ ಕಂಡಕ್ಟರ್ ಕೈಗೇ ಕೊಟ್ಟುಬಿಟ್ಟಿದ್ದ. ಡೈರಿಯಲ್ಲಿ ಮೊದಲ ಸಲ ಬರೆಯಲು ಅರ್ಧ ಗಂಟೆ ಹಿಡಿಯಿತು, ಮೂರನೇ ಸಲಕ್ಕೆ ಅರ್ಧ ನಿಮಿಷ ಅಂದ. ಅದೇ ಹೆಚ್ಚು ಹೆದರಿಕೆಯಾಗಿದ್ದು ಫಾದರ್ ಅಂದ.

ಈಗ ನನ್ನ ಸರದಿ. ಸಂಕ್ರಾಂತಿಯ ವಾರದಿಂದಲೇ ನನಗೆ ಗೊತ್ತಿತ್ತು, ಈ ಶೇಂಗಾ ಆ ತಾಯಿಯೇ ಕೊಟ್ಟದ್ದು ಎಂದು ಹೇಳಿದೆ. ಅವನ ಕೈ ನಿಂತಿತು. ನನ್ನ ಕಡೆ ತಿರುಗಿದ ಮುಖದಲ್ಲಿ ನಾನು ಹಿಂದೆಂದೂ ನೋಡದ ಸಿಟ್ಟಿತ್ತು.

“ಗೊತ್ತಿದ್ದೂ ಆರಾಮ್ ಅಂದ್ರಲ್ಲ ಫಾದರ್. ನನ್ನ ನೋಡ್ತಾ ಕೂತಿದ್ರಾ ಇಷ್ಟ್ ದಿನ?”

ಹೌದು ಅಂದೆ. ನೀನೇ ಬಂದು ಹೇಳಲಿ ಎಂದು ಕಾದೆ, ಆದರೆ ಕಾಯುವುದಕ್ಕೂ ಹೊಂಚುವುದಕ್ಕೂ ಇರುವ ಅಂತರ ನಿನಗೆ ಹೇಗೆ ಗೊತ್ತಾಗಬೇಕು, ತಪ್ಪಾಯಿತು ಅಂದೆ. ನನ್ನ ಮೇಲೆ ಒಬ್ಬ ಬ್ರದರ್ ಮುಖಾಮುಖಿ ಸಿಟ್ಟಾದದ್ದು ಅದೇ ಮೊದಲು. ನನಗೆ ಖುಷಿಯಾಯಿತು ಎಂದರೆ ನಂಬಬೇಕು. ಆರಾಮ್ ಎಂಬ ಮಾತು ನಮ್ಮ ಮನೆಯಿಂದ ಹೊರಟಿತು ಅನ್ನಿಸಿತು.

ಎರಡು ದಿನ ಕಳೆದು ವರದಿ ಬರೆದು ಅವನಿಗೇ ಓದಿ ಹೇಳಿದೆ. ಅಲ್ಲಿಂದ ಮುಂದೆ ಅದೇ ನನ್ನ ಪದ್ಧತಿ. ಅವರ ಬಗ್ಗೆ ನಾನು ಬರೆದದ್ದು ಅವರ ಕಿವಿಗೆ ಬೀಳದೆ ಮನೆ ಬಿಡುವುದಿಲ್ಲ. ‘ಕೆಲವು ಭೇಟಿಗಳ ವಿಷಯದಲ್ಲಿ ನಿಖರತೆ ಇರಲಿಲ್ಲ’ ಎಂದು ಬರೆದಿದ್ದೆ. ಅವನು ತಡೆದು, ಸುಳ್ಳು ಬರೆದಿದ್ದಾನೆ ಅಂತ ಬರೀರಿ ಫಾದರ್ ಅಂದ. ತಿದ್ದಿದೆ. ಅದರ ಕೆಳಗೇ, ಮುಂದಕ್ಕೆ ಹೋಗಲಿ ಎಂದೂ ಬರೆದೆ. ಧರ್ಮಾಧ್ಯಕ್ಷರು ಅವನನ್ನು ಕರೆಸಿ ಮಾತಾಡಿ ಮುಂದಕ್ಕೆ ಕಳಿಸಿದರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ವರದಿ ಅಂಚೆಗೆ ಬೀಳುವ ಮುಂಚೆ ಒಂದು ಶನಿವಾರ ಬಾಕಿ ಇತ್ತು.

ಇಬ್ಬರೂ ಹೋದೆವು. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಅವನು ಕೂರುತ್ತಿದ್ದ ಕಲ್ಲುಬೆಂಚು ತೋರಿಸಿದ. ಹಳ್ಳಿಯ ಬಸ್ಸು ಬಂದಾಗ ನಾನು ಅವನ ಕಡೆ ನೋಡದೆ ಹತ್ತಿದೆ. ಹಿಂದೆ ಹೆಜ್ಜೆ ಕೇಳಿಸಿತು. ಕಂಡಕ್ಟರ್ ಅವನನ್ನು ಗುರುತು ಹಿಡಿದು, ಕೇಕ್ ಚೆನ್ನಾಗಿತ್ತು ಅಂದ.

ತಾಯಿ ಅಂಗಳದಲ್ಲೇ ಇದ್ದರು. ಅವನನ್ನು ನೋಡಿ ಎದ್ದು ನಿಂತು, ಯಾಕಪ್ಪಾ ಇಷ್ಟು ದಿನ ಬರಲಿಲ್ಲ ಎಂದು ಕೇಳಿದರು. ಅವನು ಜ್ವರ ಅನ್ನಲಿಲ್ಲ, ಓದು ಅನ್ನಲಿಲ್ಲ.

“ನಿಮ್ಮ ಮಗಳಿಗೆ ಗುಣ ಆಗ್ತೈತೆ ಅಂತ ಹೇಳಿದ್ದೆನಮ್ಮ. ಆಮೇಲೆ ನಿಮ್ಮ ಮುಖ ನೋಡಾಕೆ ಆಗಲಿಲ್ಲ. ಬಸ್‌ಸ್ಟ್ಯಾಂಡಿಂದಾನೇ ವಾಪಸ್ ಹೋಗ್ತಿದ್ದೆ. ಡೈರಿಲಿ ಮಾತ್ರ ಬಂದಿದ್ದೆ ಅಂತ ಬರೀತಿದ್ದೆ.”

ಅವರು ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ ತಾವೂ ಕೂತರು.

“ಉಳಿಯಲ್ಲ ಅಂತ ಡಾಕ್ಟ್ರು ನನಗೆ ಮೊದ್ಲೇ ಹೇಳಿದ್ರಪ್ಪ. ನಾನು ಮನೇಲಿ ಯಾರಿಗೂ ಹೇಳಲಿಲ್ಲ. ಗುಣ ಆಗ್ತೈತೆ ಅಂತಾನೇ ಅವಳಿಗೆ ಹೇಳ್ತಿದ್ದೆ. ಹಂಗೆ ಹೇಳಿದೋರು ನೀನು, ನಾನು ಇಬ್ರೇ. ನಿನ್ನ ಹತ್ರ ಕುಂತು ಅಳಬೇಕು ಅಂತ ಶನಿವಾರ ಶನಿವಾರ ದಾರಿ ನೋಡ್ತಿದ್ದೆ.”

ಅವರು ಅತ್ತರು. ಅವನೂ ಅತ್ತ. ಎಲ್ಲ ಸಂದರ್ಭಕ್ಕೂ ಒಂದು ಪ್ರಾರ್ಥನೆ ಬಾಯಿಪಾಠವಿರುವ ನಾನು ಅಂಗಳದ ಇನ್ನೊಂದು ತುದಿಗೆ ಹೋಗಿ ಸುಮ್ಮನೆ ಕೂತೆ. ಕೊನೆಯ ಬಸ್ಸಿಗೆ ಸ್ವಲ್ಪ ಮುಂಚೆ ಹೊರಟೆವು.

ಅಂದು ಮನೆಗೆ ಬಂದವನೇ ಅವನು ಡೈರಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋದ. ಸಹಿ ಹಾಕಲು ಪೆನ್ನು ತೆಗೆದವನು ಬಹಳ ಹೊತ್ತು ಆ ಒಂದು ಸಾಲನ್ನೇ ಓದುತ್ತ ಕೂತೆ.

‘ತಾಯಿಯನ್ನು ಭೇಟಿ ಮಾಡಿದೆ. ಅವರು ಆರಾಮಾಗಿಲ್ಲ.’